ಚಿತ್ರ ಕೃತಕವಾದರೂ ಅಪರಾಧ ನೈಜ: ಮಕ್ಕಳ ರಕ್ಷಣೆಗಿರುವ ಕಾನೂನುಗಳು

ಸೊರಬ: ಬಾಲಕಿಯೊಬ್ಬಳ ಭಾವಚಿತ್ರವನ್ನು ಬಳಸಿ ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಅಶ್ಲೀಲ ಚಿತ್ರ ಸೃಷ್ಟಿಸಿದರೆ ಅದು ಅಪರಾಧವೇ? ಚಿತ್ರವೇ ಸುಳ್ಳಾದ ಮೇಲೆ ದೂರಿಗೆ ಆಧಾರವೆಲ್ಲಿ ಎಂದು ಭಾವಿಸುವ ಪೋಷಕರು ಗಮನಿಸಬೇಕಾದ ಅಂಶಗಳು ಇಲ್ಲಿವೆ. ಬೆಂಗಳೂರಿನ ಬಡಾವಣೆಗೂ ಸೊರಬ ತಾಲ್ಲೂಕಿನ ಹೊಸಬಾಳೆಯಂತಹ ಗ್ರಾಮಕ್ಕೂ ಅನ್ವಯಿಸುವ ಕಾನೂನು ಒಂದೇ.

ಪೋಕ್ಸೋ ಕಾಯ್ದೆ: 2012ರ ಈ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ನಿಜವಾದ ಮಗುವೆಂದೇ ತೋರುವಂತೆ ಕಂಪ್ಯೂಟರ್ ಮೂಲಕ ರಚಿಸಿದ ಅಥವಾ ಮಾರ್ಪಡಿಸಿದ ಲೈಂಗಿಕ ಚಿತ್ರಗಳನ್ನೂ 2019ರ ತಿದ್ದುಪಡಿಯು ಇದರ ವ್ಯಾಪ್ತಿಗೆ ತಂದಿದೆ. ಹಂಚುವ ಉದ್ದೇಶದಿಂದ ಅವುಗಳನ್ನು ಅಳಿಸದೆ ಇಟ್ಟುಕೊಂಡರೆ, ವಾಸ್ತವವಾಗಿ ಹಂಚದಿದ್ದರೂ ಅದು ಅಪರಾಧವೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ.

ಮಾಹಿತಿ ತಂತ್ರಜ್ಞಾನ ಕಾಯ್ದೆ: ಮಕ್ಕಳ ಅಶ್ಲೀಲ ಚಿತ್ರಗಳನ್ನು ಸೃಷ್ಟಿಸುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದು ಹಾಗೂ ಪ್ರಸಾರ ಮಾಡುವುದು 67ಬಿ ಕಲಂ ಅನ್ವಯ ಶಿಕ್ಷಾರ್ಹ. ಮೊದಲ ಅಪರಾಧಕ್ಕೆ 5 ವರ್ಷಗಳವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ದೂರು ಎಲ್ಲಿ?: ಯಾವುದೇ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು, ಘಟನೆ ತಮ್ಮ ವ್ಯಾಪ್ತಿಯಲ್ಲಿ ನಡೆದಿಲ್ಲವೆಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ. ಜಿಲ್ಲಾ ಕೇಂದ್ರವಾದ ಶಿವಮೊಗ್ಗದಲ್ಲಿ ಸೈಬರ್ ಅಪರಾಧಗಳಿಗಾಗಿ ಸಿಇಎನ್ ಠಾಣೆಯಿದೆ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ತಿಳಿಸದೆಯೂ ಇಂತಹ ದೂರು ದಾಖಲಿಸಲು ಅವಕಾಶವಿದೆ. ಲೈಂಗಿಕ ಅಪರಾಧದ ಸಂಗತಿ ತಿಳಿದೂ ಮುಚ್ಚಿಡುವ ಶಿಕ್ಷಕರು ಹಾಗೂ ಇತರ ವಯಸ್ಕರು ಪೋಕ್ಸೋ ಅಡಿಯಲ್ಲಿ ಶಿಕ್ಷೆಗೆ ಗುರಿಯಾಗಬಹುದು. ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ.

ಎಚ್ಚರಿಕೆ: ಸಾಕ್ಷ್ಯಕ್ಕೆಂದೋ ಸಲಹೆಗೆಂದೋ ಇಂತಹ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸಬಾರದು; ಅದೂ ಪ್ರಸಾರವೇ ಆಗುತ್ತದೆ. ಖಾತೆಯ ಹೆಸರು, ಕೊಂಡಿ, ದಿನಾಂಕ ಹಾಗೂ ಸಮಯವನ್ನು ಬರೆದಿಟ್ಟುಕೊಂಡು ಪೊಲೀಸರಿಗೆ ಒಪ್ಪಿಸುವುದು ಸೂಕ್ತ.

ಉಳಿದಿರುವ ಕೊರತೆ: ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯನ್ನು ಕಂಪನಿಗಳು ಪರಿಶೀಲಿಸಿ ಪಡೆಯಬೇಕೆಂದೂ, ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ನೀಡಬಾರದೆಂದೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಈ ಅಂಶಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಿವೆ. ತಂದೆಯ ಹೆಸರಿನ ಒಂದೇ ಮೊಬೈಲನ್ನು ಮನೆಮಂದಿಯೆಲ್ಲ ಬಳಸುವಲ್ಲಿ, ಅದನ್ನು ಹಿಡಿದಿರುವುದು ಮಗುವೆಂದು ಕಂಪನಿಗೆ ತಿಳಿಯುವುದಾದರೂ ಹೇಗೆ? ಈ ನೀತಿಯ ನಿಜವಾದ ಪರೀಕ್ಷೆ ನಡೆಯಬೇಕಿರುವುದು ಅಲ್ಲಿಯೇ.