ಗಾಳಿಗೆ ಸೇರಿದ ಹಳೆಯ ಇಂಗಾಲ

ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲವನ್ನು ಉರಿಸುವುದರಿಂದ ಭೂಮಿಯ ವಾಯುಗುಣ ಬದಲಾಗುತ್ತಿದೆ ಎಂಬುದು ಇಂದು ಶಾಲಾ ಪಠ್ಯದಲ್ಲಿ ಸೇರಿಹೋಗಿರುವ ವಾಕ್ಯ. ಗಾಳಿಯಲ್ಲಿ ಹೆಚ್ಚಿರುವ ಇಂಗಾಲದ ಡೈಆಕ್ಸೈಡ್ ಈ ಇಂಧನಗಳಿಂದಲೇ ಬಂದಿದೆ, ಜ್ವಾಲಾಮುಖಿಯಿಂದಲೋ ಸಮುದ್ರದಿಂದಲೋ ಅಲ್ಲ ಎಂದು ಗೊತ್ತಾದದ್ದು ಹೇಗೆ ಎಂಬುದನ್ನು ಮಾತ್ರ ಪಠ್ಯಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅದು ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ಆದರೂ ಅದರ ಒಡಲಿನಲ್ಲಿ ಹುಟ್ಟಿನ ಗುರುತು ಉಳಿದಿರುತ್ತದೆ.

ಪಳೆಯುಳಿಕೆ ಇಂಧನ ಎಂದರೇನು

ಬಹಳ ಹಿಂದೆ ಬದುಕಿದ್ದ ಸಸ್ಯ ಮತ್ತು ಸೂಕ್ಷ್ಮಜೀವಿಗಳ ಅವಶೇಷಗಳು ನೆಲದಡಿಯ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ರೂಪಾಂತರಗೊಂಡಾಗ ದೊರೆಯುವ ಇಂಧನವೇ ಪಳೆಯುಳಿಕೆ ಇಂಧನ. ಜೌಗು ನೆಲದಲ್ಲಿ ಬಿದ್ದ ಗಿಡಮರಗಳಿಗೆ ಆಮ್ಲಜನಕ ಸಾಕಷ್ಟು ಸಿಗದಿದ್ದರೆ ಅವು ಪೂರ್ತಿಯಾಗಿ ಕೊಳೆಯುವುದಿಲ್ಲ. ಕಪ್ಪು ಕೆಸರಿನಂತೆ ಪದರಗಟ್ಟುತ್ತವೆ. ಇದಕ್ಕೆ ಪೀಟ್ ಎಂದು ಹೆಸರು. ಪೀಟ್ ಮಣ್ಣಿನಡಿ ಹೂತು, ನೀರು ಕಳೆದುಕೊಂಡು, ಗಟ್ಟಿಯಾಗುತ್ತ ಹೋದರೆ ಕಲ್ಲಿದ್ದಲಾಗುತ್ತದೆ. ಯುರೋಪ್ ಮತ್ತು ಉತ್ತರ ಅಮೆರಿಕದ ಪ್ರಸಿದ್ಧ ಕಲ್ಲಿದ್ದಲು ಪದರಗಳು ಸುಮಾರು 36 ಕೋಟಿಯಿಂದ 30 ಕೋಟಿ ವರ್ಷಗಳ ಹಿಂದಿನವು. ಝರಿಯಾ, ರಾಣಿಗಂಜ್ ಹಾಗೂ ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲು ಗೊಂಡ್ವಾನಾ ಕಾಲದ್ದು. ಅದರ ಬಹುಭಾಗಕ್ಕೆ 30 ಕೋಟಿಯಿಂದ 25 ಕೋಟಿ ವರ್ಷಗಳ ವಯಸ್ಸು. ಪೆಟ್ರೋಲಿಯಂ ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳಿಂದ ಆದದ್ದು.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಸಿಂಗರೇಣಿಯಂಥ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಡೈನೋಸಾರ್‌ಗಳಿಗೂ ಮೊದಲಿನ ಕಾಡೊಂದು ಗೂಡ್ಸ್ ಗಾಡಿ ಏರಿ ಕೃಷ್ಣಾ ದಂಡೆಗೆ ಬಂದು ಉರಿಯುತ್ತದೆ ಎಂದರೂ ತಪ್ಪಾಗದು.

ಉರಿದಾಗ ಏನಾಗುತ್ತದೆ

ದಹನವೆಂದರೆ ಇಂಧನದಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕದೊಡನೆ ಕೂಡುವ ಕ್ರಿಯೆ. 12 ಗ್ರಾಂ ಇಂಗಾಲ 32 ಗ್ರಾಂ ಆಮ್ಲಜನಕವನ್ನು ಹಿಡಿದುಕೊಂಡು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆದ್ದರಿಂದಲೇ ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮೊದಲ ಬಾರಿ ಕೇಳಿದವರಿಗೆ ಇದು ಲೆಕ್ಕದ ತಪ್ಪಿನಂತೆ ತೋರುತ್ತದೆ. ಹೆಚ್ಚಿನ ತೂಕ ಬಂದದ್ದು ಗಾಳಿಯಿಂದ. ಅಂದರೆ ಉರಿಸಿದಷ್ಟೂ ಗಾಳಿಯ ಆಮ್ಲಜನಕ ಖರ್ಚಾಗಬೇಕು. ಈ ಅಂಶ ಮುಂದೆ ಸಾಕ್ಷಿಯಾಗಿ ಬರಲಿದೆ.

ಹಸಿರುಮನೆ ಪರಿಣಾಮ

ಸೂರ್ಯನ ಬೆಳಕು ವಾಯುಮಂಡಲವನ್ನು ಬಹುಮಟ್ಟಿಗೆ ತೂರಿ ನೆಲವನ್ನು ಕಾಯಿಸುತ್ತದೆ. ಕಾದ ನೆಲ ಆ ಶಕ್ತಿಯನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹಿಂದಕ್ಕೆ ಸೂಸುತ್ತದೆ. ಗಾಳಿಯ ಮುಖ್ಯ ಘಟಕಗಳಾದ ಸಾರಜನಕ ಮತ್ತು ಆಮ್ಲಜನಕ ಈ ಕಿರಣಗಳನ್ನು ತಡೆಯುವುದಿಲ್ಲ. ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಅವುಗಳನ್ನು ಹೀರಿ ಎಲ್ಲ ದಿಕ್ಕಿಗೂ, ನೆಲದ ಕಡೆಗೂ, ಮರಳಿ ಸೂಸುತ್ತವೆ. ಈ ಹೊದಿಕೆ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತಿತ್ತು; ಇರುವುದರಿಂದ ಅದು ಸುಮಾರು 15 ಡಿಗ್ರಿಯಷ್ಟಿದೆ. ಹಸಿರುಮನೆ ಪರಿಣಾಮ ತಾನಾಗಿ ಕೇಡಲ್ಲ. ಹೊದಿಕೆ ದಪ್ಪವಾಗುತ್ತಿರುವುದು ಸಮಸ್ಯೆ.

ಈ ತಿಳಿವಳಿಕೆ ಹಳೆಯದು. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾದುದನ್ನು ಗುರುತಿಸಿದರು. 1859ರಲ್ಲಿ ಜಾನ್ ಟಿಂಡಾಲ್ ಶಾಖಕಿರಣಗಳನ್ನು ಹೀರುವ ಅನಿಲಗಳು ಯಾವುವೆಂದು ಉಪಕರಣ ಕಟ್ಟಿ ಅಳೆದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್, ಈ ಅನಿಲ ಇಮ್ಮಡಿಯಾದರೆ ಭೂಮಿ 5ರಿಂದ 6 ಡಿಗ್ರಿ ಕಾಯುತ್ತದೆಂದು ಕೈಲೆಕ್ಕದಲ್ಲೇ ಅಂದಾಜಿಸಿದರು. ವಾಯುಗುಣ ಬದಲಾವಣೆಯ ಅಂತರಸರ್ಕಾರ ಸಮಿತಿ ಐಪಿಸಿಸಿಯ 2021ರ ವರದಿ ಅದನ್ನು 3 ಡಿಗ್ರಿ ಎಂದು ಅಂದಾಜಿಸಿದೆ, 2.5ರಿಂದ 4 ಡಿಗ್ರಿಯವರೆಗಿನ ಸಾಧ್ಯತೆಯನ್ನೂ ಒಪ್ಪಿದೆ. ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕ ಇಷ್ಟು ಹತ್ತಿರ ಬಂದದ್ದು ಸಣ್ಣ ಸಂಗತಿಯಲ್ಲ.

ಮೌನಾ ಲೋವಾದ ಅಳತೆ

ಅನಿಲ ನಿಜವಾಗಿ ಹೆಚ್ಚುತ್ತಿದೆಯೇ ಎಂಬುದನ್ನು ನಿಖರವಾಗಿ ಅಳೆಯಲು ತೊಡಗಿದವರು ಚಾರ್ಲ್ಸ್ ಡೇವಿಡ್ ಕೀಲಿಂಗ್. ಪೇಟೆಯ ಹೊಗೆಯಿಂದ, ಕಾಡಿನ ಉಸಿರಿನಿಂದ ದೂರವಿರಲೆಂದು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ, 1958ರ ಮಾರ್ಚ್‌ನಲ್ಲಿ ಅಳತೆ ಆರಂಭವಾಯಿತು. ಮೊದಲ ದಿನ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ 313 ಇಂಗಾಲದ ಡೈಆಕ್ಸೈಡ್ ಅಣುಗಳಿದ್ದವು. 2024ರ ಸರಾಸರಿ 420ನ್ನು ದಾಟಿದೆ. ಕೈಗಾರಿಕಾ ಯುಗಕ್ಕೆ ಮುಂಚೆ ಅದು 280ರ ಆಸುಪಾಸಿನಲ್ಲಿತ್ತು. ಅಂಟಾರ್ಕ್ಟಿಕದ ಹಿಮದಲ್ಲಿ ಸೆರೆಸಿಕ್ಕ ಗಾಳಿಗುಳ್ಳೆಗಳ ಪ್ರಕಾರ ಅದಕ್ಕೂ ಹಿಂದಿನ 8 ಲಕ್ಷ ವರ್ಷಗಳಲ್ಲಿ ಅದು ಸುಮಾರು 300ರ ಮಿತಿಯೊಳಗೇ ಇತ್ತು.

ಈ ಅಳತೆಗಳಿಂದ ಮೂಡಿದ ಕೀಲಿಂಗ್ ರೇಖೆ ನೇರವಾಗಿ ಏರುವುದಿಲ್ಲ, ಗರಗಸದ ಹಲ್ಲಿನಂತೆ ಏರಿಳಿಯುತ್ತ ಮೇಲಕ್ಕೆ ಹೋಗುತ್ತದೆ. ಉತ್ತರಾರ್ಧಗೋಳದ ಕಾಡುಗಳು ಬೇಸಗೆಯಲ್ಲಿ ಚಿಗುರಿ ಅನಿಲವನ್ನು ಹೀರುತ್ತವೆ. ಎಲೆ ಉದುರಿ ಕೊಳೆಯುವಾಗ ಅದನ್ನು ಬಿಟ್ಟುಕೊಡುತ್ತವೆ. ಆದ್ದರಿಂದ ಪ್ರತಿವರ್ಷ ಮೇ ತಿಂಗಳಲ್ಲಿ ತುದಿ, ಸೆಪ್ಟೆಂಬರ್ ವೇಳೆಗೆ ತಗ್ಗು. ಇಷ್ಟು ಬೆಲೆಬಾಳುವ ದಾಖಲೆ 1964ರ ಆರಂಭದಲ್ಲಿ ಹಣದ ಕೊರತೆಯಿಂದ ಕೆಲಕಾಲ ನಿಂತುಹೋಗಿತ್ತು ಎಂಬುದು ವಿಜ್ಞಾನಕ್ಕೆ ಅನುದಾನ ಹಂಚುವವರು ಎಲ್ಲ ಕಾಲದಲ್ಲೂ ಒಂದೇ ಬಗೆಯವರು ಎಂದು ತೋರಿಸುತ್ತದೆ.

ಇಂಗಾಲದ ಮೂರು ಗುರುತುಗಳು

ಹೆಚ್ಚಳ ಖಚಿತವಾದ ಮೇಲೆ ಮೂಲದ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಇಂಗಾಲದ ಸಮಸ್ಥಾನಿಗಳಲ್ಲಿದೆ. ಒಂದೇ ಮೂಲವಸ್ತುವಿನ, ಆದರೆ ತೂಕದಲ್ಲಿ ವ್ಯತ್ಯಾಸವಿರುವ ಪರಮಾಣುಗಳಿಗೆ ಸಮಸ್ಥಾನಿ ಅಥವಾ ಐಸೋಟೋಪ್ ಎನ್ನುತ್ತಾರೆ. ಇಂಗಾಲದ ಬಹುಪಾಲು ಇಂಗಾಲ-12. ಶೇಕಡ 1ರಷ್ಟು ಇಂಗಾಲ-13. ಅತ್ಯಲ್ಪ ಪ್ರಮಾಣದಲ್ಲಿ ವಿಕಿರಣಶೀಲ ಇಂಗಾಲ-14.

ಮೊದಲ ಗುರುತು ಇಂಗಾಲ-14ರದು. ಇದು ಮೇಲಿನ ವಾಯುಮಂಡಲದಲ್ಲಿ ವಿಶ್ವಕಿರಣಗಳ ಬಡಿತದಿಂದ ಹುಟ್ಟುತ್ತಲೇ ಇರುತ್ತದೆ. ಬದುಕಿರುವ ಮರದಲ್ಲಿ, ಪ್ರಾಣಿಯಲ್ಲಿ ಅದರ ಪಾಲು ಇರುತ್ತದೆ. ಸತ್ತ ಮೇಲೆ ಪ್ರತಿ 5,730 ವರ್ಷಕ್ಕೆ ಅರ್ಧದಂತೆ ಕರಗುತ್ತದೆ. ಹಳ್ಳೂರು, ಸಂಗನಕಲ್ಲು ಮುಂತಾದ ಪ್ರಾಚೀನ ನೆಲೆಗಳ ಕಾಲ ಗೊತ್ತಾದದ್ದು ಈ ಗಡಿಯಾರದಿಂದಲೇ. ಕೋಟಿಗಟ್ಟಲೆ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಪೂರ್ತಿಯಾಗಿ ಅಳಿದಿರುತ್ತದೆ. ಹೀಗಾಗಿ ಕಲ್ಲಿದ್ದಲಿನ ಹೊಗೆ ಗಾಳಿಗೆ ಸೇರಿದಷ್ಟೂ, ಹಾಲಿಗೆ ನೀರು ಬೆರೆಸಿದಂತೆ, ಗಾಳಿಯ ಇಂಗಾಲ-14 ತೆಳುವಾಗಬೇಕು. 1955ರಲ್ಲಿ ಹಾನ್ಸ್ ಸೂಯೆಸ್ ಮರದ ಬೆಳವಣಿಗೆಯ ಉಂಗುರಗಳನ್ನು ಹೋಲಿಸಿ, 19ನೆಯ ಶತಮಾನದ ಕಟ್ಟಿಗೆಗಿಂತ ಇತ್ತೀಚಿನ ಕಟ್ಟಿಗೆಯಲ್ಲಿ ಇಂಗಾಲ-14 ಕಡಿಮೆಯಿದೆ ಎಂದು ತೋರಿಸಿದರು. ಅವರು ಸರಿಯಾದ ಹೊತ್ತಿಗೆ ಅಳೆದಿದ್ದರು. ಮುಂದೆ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಇಂಗಾಲ-14ನ್ನು 1963ರ ಸುಮಾರಿಗೆ ಹೆಚ್ಚುಕಡಿಮೆ ಇಮ್ಮಡಿಗೊಳಿಸಿ, ಈ ಸೂಕ್ಷ್ಮ ಇಳಿಕೆಯನ್ನು ಬಹುಕಾಲ ಮುಚ್ಚಿಬಿಟ್ಟವು.

ಇಂಗಾಲ-14 ಇಲ್ಲದ ಇಂಗಾಲ ಜ್ವಾಲಾಮುಖಿಯಿಂದಲೂ ಬರಬಹುದು. ಅದನ್ನು ಬೇರ್ಪಡಿಸುವುದು ಎರಡನೆಯ ಗುರುತು, ಇಂಗಾಲ-13. ಸಸ್ಯಗಳು ದ್ಯುತಿಸಂಶ್ಲೇಷಣೆಯಲ್ಲಿ ಹಗುರವಾದ ಇಂಗಾಲ-12ನ್ನು ಸುಲಭವಾಗಿ ತೆಗೆದುಕೊಳ್ಳುತ್ತವೆ, ಭಾರದ ಇಂಗಾಲ-13ನ್ನು ಕಡಿಮೆ ತೆಗೆದುಕೊಳ್ಳುತ್ತವೆ. ಎಲ್ಲ ಸಸ್ಯಗಳಿಗೂ ಈ ಆಯ್ಕೆ ಸಮನಲ್ಲ. ಭತ್ತ, ತೆಂಗು, ಕಾಡುಮರಗಳಲ್ಲಿ ಅದು ಬಲವಾಗಿದೆ. ರಾಗಿ, ಜೋಳ, ಕಬ್ಬುಗಳಲ್ಲಿ ದುರ್ಬಲ. ಒಂದು ತುತ್ತು ಅನ್ನವೋ ಒಂದು ತುತ್ತು ಮುದ್ದೆಯೋ ಎಂದು ಪ್ರಯೋಗಾಲಯದ ಯಂತ್ರ ಇಂಗಾಲದಿಂದಲೇ ಹೇಳಬಲ್ಲದು. ಸಸ್ಯದಿಂದ ಆದ ಕಲ್ಲಿದ್ದಲೂ ಸೂಕ್ಷ್ಮಜೀವಿಗಳಿಂದ ಆದ ಪೆಟ್ರೋಲಿಯಮ್ಮೂ ಈ ಹಗುರತನವನ್ನು ಉಳಿಸಿಕೊಂಡಿವೆ. ಜ್ವಾಲಾಮುಖಿಯ ಇಂಗಾಲಕ್ಕೆ ಅದು ಅಷ್ಟಾಗಿ ಇಲ್ಲ. ಗಾಳಿಯಲ್ಲಿ ಇಂಗಾಲ-13ರ ಪಾಲು ಕೈಗಾರಿಕಾ ಯುಗದ ಉದ್ದಕ್ಕೂ ಇಳಿಯುತ್ತ ಬಂದಿರುವುದು ಅಳತೆಯಿಂದ ಸಿದ್ಧವಾಗಿದೆ. ಅಂದಹಾಗೆ, ಜಗತ್ತಿನ ಎಲ್ಲ ಜ್ವಾಲಾಮುಖಿಗಳು ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್ ಮನುಷ್ಯರು ಹೊರಬಿಡುವುದರ ಶೇಕಡ 1ಕ್ಕಿಂತ ಕಡಿಮೆ.

ಮೂರನೆಯದು ಆಮ್ಲಜನಕ. ಕಾಡು ಕಡಿದು ಸುಟ್ಟರೂ ಇಂಗಾಲ-13 ಮತ್ತು ಆಮ್ಲಜನಕ ಇಳಿಯುತ್ತವೆ, ಆದರೆ ಇಂಗಾಲ-14 ಅಷ್ಟು ಇಳಿಯದು. ಸಮುದ್ರ ಅನಿಲವನ್ನು ಉಗುಳಿದ್ದರೆ ಆಮ್ಲಜನಕ ಇಳಿಯುತ್ತಿರಲಿಲ್ಲ. ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ 1980ರ ದಶಕದ ಕೊನೆಯಿಂದ ನಡೆಸಿರುವ ಅಳತೆಗಳಲ್ಲಿ ಆಮ್ಲಜನಕ ಸತತವಾಗಿ ಇಳಿದಿದೆ. ಗಾಳಿಯಲ್ಲಿ ಅದು ಶೇಕಡ 21ರಷ್ಟಿರುವುದರಿಂದ ಉಸಿರಾಟಕ್ಕೆ ಕುಂದಿಲ್ಲ. ಈ ಇಳಿಕೆಯ ಬೆಲೆ ಇರುವುದು ಸಾಕ್ಷಿಯಾಗಿ. ಒಂದೊಂದು ಗುರುತಿಗೂ ಬೇರೆ ವಿವರಣೆ ಹುಡುಕಬಹುದು. ಮೂರಕ್ಕೂ ಒಟ್ಟಿಗೆ ಹೊಂದುವ ಮೂಲ ಪಳೆಯುಳಿಕೆ ಇಂಧನವೊಂದೇ.

ಕೆಳಗೆ ಬಿಸಿ, ಮೇಲೆ ತಂಪು

ಬಿಸಿಯೇರಿಕೆಗೆ ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಎಲ್ಲ ಪದರಗಳೂ ಕಾಯಬೇಕಿತ್ತು. ಹಸಿರುಮನೆ ಅನಿಲ ಕಾರಣವಾದರೆ ಕೆಳಪದರ ಕಾದು, ಸ್ತರಗೋಳವೆಂಬ ಮೇಲುಪದರ ತಣ್ಣಗಾಗಬೇಕು ಎಂದು ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. 1979ರಿಂದೀಚಿನ ಉಪಗ್ರಹ ಅಳತೆಗಳು ಹಾಗೆಯೇ ತೋರಿಸಿವೆ. ಓಝೋನ್ ಕ್ಷಯದ ಪಾಲನ್ನು ಕಳೆದರೂ ತಂಪು ಉಳಿಯುತ್ತದೆ. ಮನಾಬೆಗೆ 2021ರ ಭೌತವಿಜ್ಞಾನ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂತು.

ಮುಸುಕು ಹಾಕುವ ಹೊಗೆ

ಕಲ್ಲಿದ್ದಲು ಮತ್ತು ಡೀಸೆಲ್ ಉರಿದಾಗ ಬರುವುದು ಇಂಗಾಲದ ಡೈಆಕ್ಸೈಡ್ ಮಾತ್ರವಲ್ಲ. ಗಂಧಕದಿಂದಾದ ಸೂಕ್ಷ್ಮಕಣಗಳು ಬಿಸಿಲನ್ನು ಹಿಂದಕ್ಕೆ ಚೆದುರಿಸಿ ನೆಲವನ್ನು ಒಂದಿಷ್ಟು ತಂಪಾಗಿಸುತ್ತವೆ. ಮಸಿಯ ಕಣಗಳು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್ ಅವರು 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ಇಂಡೋಎಕ್ಸ್ ಅಧ್ಯಯನದ ಮುಂದಾಳುಗಳಲ್ಲೊಬ್ಬರು. ದಕ್ಷಿಣ ಏಷ್ಯಾದಿಂದ ಕಡಲಿನ ಮೇಲೆ ಹರಡುವ ಕಂದು ಮಬ್ಬಿನ ವ್ಯಾಪ್ತಿಯನ್ನು ಆ ಅಧ್ಯಯನ ಬಯಲಿಗೆ ತಂದಿತು. ಮಬ್ಬಿನ ಕಣಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮಳೆಯೊಡನೆ ನೆಲಕ್ಕಿಳಿಯುತ್ತವೆ. ಹೆಚ್ಚುವರಿ ಇಂಗಾಲದ ಡೈಆಕ್ಸೈಡ್‌ನ ಗಣನೀಯ ಭಾಗ ಶತಮಾನಗಳ ಕಾಲ ಉಳಿಯುತ್ತದೆ. ಹೊಗೆಯನ್ನು ಶುದ್ಧಿಮಾಡಿದಾಗ ಅಡಗಿದ್ದ ಬಿಸಿ ಹೊರಬೀಳುವ ಇಕ್ಕಟ್ಟು ಹುಟ್ಟುವುದು ಇಲ್ಲಿಂದ.

ಸಮುದ್ರ, ಮಳೆ

ಹೊರಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಅರ್ಧ ಮಾತ್ರ ಗಾಳಿಯಲ್ಲಿ ನಿಲ್ಲುತ್ತದೆ. ಕಾಲುಭಾಗವನ್ನು ಸಮುದ್ರ, ಉಳಿದದ್ದನ್ನು ನೆಲದ ಸಸ್ಯ ಮತ್ತು ಮಣ್ಣು ಹೀರುತ್ತವೆ. ಅದರ ಫಲವಾಗಿ ಸಮುದ್ರದ ಮೇಲ್ಪದರದ ಪಿಎಚ್ ಮೌಲ್ಯ 8.2ರಿಂದ 8.1ಕ್ಕೆ ಇಳಿದಿದೆ. ಸಂಖ್ಯೆ ಚಿಕ್ಕದಾದರೂ ಈ ಮಾನಕ ಹತ್ತರ ಘಾತದಲ್ಲಿ ಏರಿಳಿಯುವುದರಿಂದ ಆಮ್ಲೀಯತೆ ಕಾಲುಭಾಗಕ್ಕೂ ಹೆಚ್ಚಾಗಿ ಏರಿದೆ. ಹೆಚ್ಚುವರಿ ಶಾಖದ ಶೇಕಡ 90ರಷ್ಟು ಸೇರಿರುವುದೂ ಸಮುದ್ರಕ್ಕೇ. ಗಾಳಿ ಒಂದು ಡಿಗ್ರಿ ಕಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಶೇಕಡ 7ರಷ್ಟು ಹೆಚ್ಚುತ್ತದೆ; ಸುರಿಯುವಾಗ ಮಳೆ ಬಿರುಸಾಗಲು ಇದೊಂದು ಕಾರಣ. ಮಧ್ಯಭಾರತದಲ್ಲಿ 1950ರಿಂದ 2015ರ ನಡುವೆ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರ ಜಾಗತಿಕ ಸರಾಸರಿ ಉಷ್ಣತೆ 1850–1900ರ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು.

ಗುರುತುಗಳ ಬಳಕೆ

ಇಂಗಾಲದ ಗುರುತು ಓದುವ ವಿದ್ಯೆ ವಾಯುಗುಣದ ಆಚೆಗೂ ಉಪಯೋಗವಾಗುತ್ತದೆ. ಜೇನುಹುಳು ಮಕರಂದ ತರುವ ಹೂಗಳು ಬಹುತೇಕ ಭತ್ತದ ಬಗೆಯ ಇಂಗಾಲವುಳ್ಳವು. ಕಬ್ಬಿನ ಸಕ್ಕರೆ ಬೆರೆಸಿದ ಜೇನು ಇಂಗಾಲ-13ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಪೆಟ್ರೋಲಿಯಂನಿಂದ ತಯಾರಿಸಿದ ವಿನೆಗರ್‌ನಲ್ಲಿ ಇಂಗಾಲ-14 ಇರುವುದಿಲ್ಲ, ಹಣ್ಣಿನ ರಸ ಹುಳಿಸಿ ಮಾಡಿದ್ದರಲ್ಲಿ ಇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹೋದ್ಯೋಗಿಗಳು ನೀಲಗಿರಿಯ ಪೀಟ್ ಪದರಗಳಲ್ಲಿ ಇಂಗಾಲ-13ನ್ನು ಅಳೆದು, ಸುಮಾರು 20,000 ವರ್ಷಗಳಲ್ಲಿ ಅಲ್ಲಿ ಯಾವಾಗ ಮರಗಿಡ ಹೆಚ್ಚಿತ್ತು, ಯಾವಾಗ ಒಣಹವೆಯ ಹುಲ್ಲು ಹಬ್ಬಿತ್ತು ಎಂದು 1993ರಲ್ಲಿ ಪ್ರಕಟಿಸಿದರು. ನಗರಗಳ ಗಾಳಿಯಲ್ಲಿ ಇಂಗಾಲ-14 ಅಳೆದು, ಹೊಗೆಯಲ್ಲಿ ಪಳೆಯುಳಿಕೆ ಇಂಧನದ ಪಾಲೆಷ್ಟು, ಸೌದೆಯ ಪಾಲೆಷ್ಟು ಎಂದು ಬೇರ್ಪಡಿಸುವುದೂ ಸಾಧ್ಯ.

ಇಂಗಾಲ-14ರ ಗಡಿಯಾರವನ್ನು ಕೆಡಿಸುತ್ತಿರುವುದೂ ಅದೇ ಹೊಗೆ. ಬಾಂಬ್ ಕಾಲದ ಇಂಗಾಲ-14 ಈಗ ಬಹುಮಟ್ಟಿಗೆ ಸಮುದ್ರಕ್ಕೂ ಕಾಡಿಗೂ ಇಳಿದುಹೋಗಿದೆ. ಹಳೆಯ ಇಂಗಾಲ ಮಾತ್ರ ಗಾಳಿಗೆ ಸೇರುತ್ತಲೇ ಇದೆ. ಹೆದರ್ ಗ್ರೇವನ್ 2015ರಲ್ಲಿ ಮಾಡಿದ ಲೆಕ್ಕದಂತೆ, ದಹನ ಇದೇ ಬಗೆಯಲ್ಲಿ ಏರುತ್ತ ಹೋದರೆ 2050ರಲ್ಲಿ ಬೆಳೆದ ಸಸ್ಯದ ಇಂಗಾಲ-14 ಸುಮಾರು ಸಾವಿರ ವರ್ಷ ಹಳೆಯ ವಸ್ತುವಿನದರಷ್ಟೇ ಇರುತ್ತದೆ. ಆಗ ಹೊಸದಾಗಿ ನೇಯ್ದ ಹತ್ತಿಯ ಪಂಚೆಗೂ ಕಲ್ಯಾಣದ ಚಾಲುಕ್ಯರ ಕಾಲದ ಬಟ್ಟೆಯ ತುಂಡಿಗೂ ಇರುವ ವ್ಯತ್ಯಾಸವನ್ನು ಈ ಪರೀಕ್ಷೆಯೊಂದರಿಂದಲೇ ಹೇಳಲಾಗದು.