ಬಿಜಾಪುರದ ಖದೀಜಾ ಸುಲ್ತಾನಾ: ಜ್ಞಾನಕ್ಕೆ ವಿನಿಯೋಗವಾದ ಸಂಪತ್ತು

ಸಂಪತ್ತು ಅಲ್ಲಾಹನು ಮನುಷ್ಯನ ಕೈಯಲ್ಲಿರಿಸಿದ ಅಮಾನತ್ತು. ಅದನ್ನು ಸತ್ಕಾರ್ಯಕ್ಕೆ ವ್ಯಯಿಸುವಲ್ಲಿ ಮುಸ್ಲಿಮ್ ಮಹಿಳೆಯರು ಎಂದೂ ಹಿಂದುಳಿದವರಲ್ಲ. ಉಮ್ಮುಲ್ ಮೂಮಿನೀನ್ ಹಝ್ರತ್ ಖದೀಜಾ(ರ) ತಮ್ಮ ವ್ಯಾಪಾರದ ಸಂಪತ್ತನ್ನು ಇಸ್ಲಾಮಿನ ಆರಂಭದ ಕಠಿಣ ದಿನಗಳಲ್ಲಿ ಧಾರೆಯೆರೆದರು. ಹಿಜರಿ 9ರಲ್ಲಿ ತಬೂಕ್ ಯಾತ್ರೆಗೆ ಸೈನಿಕರನ್ನು ಸಜ್ಜುಗೊಳಿಸಲು ಮದೀನಾದ ಸ್ತ್ರೀಯರು ಬಳೆ, ಕಾಲಂದುಗೆ, ಓಲೆಗಳನ್ನು ಕಳಚಿ ಕೊಟ್ಟರೆಂದು ಸೀರಾ ಗ್ರಂಥಗಳು ತಿಳಿಸುತ್ತವೆ.

ಅದೇ ಶುಭನಾಮದ ಓರ್ವ ಮಹಿಳೆ ನಮ್ಮ ನಾಡಿನ ಚರಿತ್ರೆಯಲ್ಲೂ ಇದ್ದಾರೆ. ರಾಯಚೂರು, ಮಾನ್ವಿ, ದೇವದುರ್ಗಗಳ ಈ ದೋಆಬ್ ಪ್ರದೇಶ ಬಿಜಾಪುರದ ಆದಿಲ್‌ಶಾಹಿ ಆಳ್ವಿಕೆಯಲ್ಲಿದ್ದ ಕಾಲವದು. ಗೋಲ್ಕೊಂಡದ ಸುಲ್ತಾನ್ ಅಬ್ದುಲ್ಲಾ ಕುತುಬ್ ಶಾಹನ ಸಹೋದರಿ ಖದೀಜಾ ಸುಲ್ತಾನಾ, ಮುಹಮ್ಮದ್ ಆದಿಲ್ ಶಾಹನ (1627–1656) ಪತ್ನಿಯಾಗಿ ಬಿಜಾಪುರಕ್ಕೆ ಬಂದರು. ಜನರು ಅವರನ್ನು ಗೌರವದಿಂದ 'ಬಡೀ ಸಾಹಿಬಾ' ಎಂದು ಕರೆದರು. ತವರಿನಿಂದ ಅವರ ಪರಿವಾರದೊಂದಿಗೆ ಬಂದ ಮಲಿಕ್ ಖುಷ್ನೂದ್ ಮುಂದೆ ದಖನಿಯ ಪ್ರಸಿದ್ಧ ಕವಿಯಾದರು.

ಅಂದು ವಿದ್ವಾಂಸರ ಭಾಷೆ ಫಾರಸಿ. ಮನೆಯಲ್ಲಿ, ಪೇಟೆಯಲ್ಲಿ, ದಂಡಿನ ಪಾಳೆಯದಲ್ಲಿ ಕಿವಿಗೆ ಬೀಳುತ್ತಿದ್ದುದು ದಖನಿ. ಫಾರಸಿ ಬಾರದ ಸೈನಿಕನಿಗೂ ಗೃಹಿಣಿಗೂ ಗ್ರಂಥಭಂಡಾರದ ಬಾಗಿಲು ಮುಚ್ಚಿತ್ತು. ಈ ಬಾಗಿಲನ್ನು ತೆರೆಯಲು ಖದೀಜಾ ಸುಲ್ತಾನಾ ಮುಂದಾದರು. ಅವರ ಅಪೇಕ್ಷೆಯಂತೆ ಕವಿ ಕಮಾಲ್ ಖಾನ್ ರುಸ್ತಮಿ 'ಖಾವರ್‌ನಾಮಾ' ಎಂಬ ಬೃಹತ್ ಫಾರಸಿ ಕಾವ್ಯವನ್ನು 1649ರಲ್ಲಿ ದಖನಿಗೆ ತಂದರು. ಸುಮಾರು 24,000 ದ್ವಿಪದಿಗಳ ಈ ಕೃತಿ ಹಝ್ರತ್ ಅಲೀ(ರ)ಯವರ ಶೌರ್ಯವನ್ನು ಕೇಂದ್ರವಾಗಿಟ್ಟುಕೊಂಡ ಕಲ್ಪಿತ ಕಥನ. ಅದನ್ನು ಇತಿಹಾಸವೆಂದು ಓದಬಾರದು, ನಿಜ. ಆದರೆ ಆಡುನುಡಿಗೆ ಗ್ರಂಥದ ಘನತೆ ದೊರಕಿಸಿದ ಕಾರ್ಯ ಸಣ್ಣದಲ್ಲ. ಪತಿಯ ಮರಣಾನಂತರ, 1660ರ ದಶಕದ ಆರಂಭದಲ್ಲಿ, ಅವರು ಡಚ್ಚರ ಹಡಗನ್ನೇರಿ ಹಜ್ಜ್ ಯಾತ್ರೆಗೆ ಹೊರಟರು.

ಆ ಅರಮನೆ ಇಂದಿಲ್ಲ, ಆ ಸಿಂಹಾಸನವೂ ಇಲ್ಲ. ಅವರು ಬರೆಯಿಸಿದ ಗ್ರಂಥ ಉಳಿದಿದೆ. ಮನುಷ್ಯ ತೀರಿದ ಬಳಿಕವೂ ಫಲ ನೀಡುವ ಮೂರು ಕರ್ಮಗಳಲ್ಲಿ ಸದಖಾ ಜಾರಿಯಾ ಮತ್ತು ಪ್ರಯೋಜನಕಾರಿ ಜ್ಞಾನವನ್ನು ಪ್ರವಾದಿ(ಸ) ಎಣಿಸಿದ್ದಾರೆ.

ಮಹ್ರ್ ಸ್ತ್ರೀಯ ಸ್ವಂತ ಹಕ್ಕೆಂದು ಸೂರಃ ಅನ್ನಿಸಾ ಸಾರುತ್ತದೆ. ಆ ಸಂಪತ್ತಿನ ನಿರ್ಧಾರವನ್ನು ಅವಳಿಗೇ ಬಿಟ್ಟುಕೊಡುವ ಮನೆಗಳು ನಮ್ಮಲ್ಲಿ ಎಷ್ಟಿವೆ? ಮದುವೆಯ ಆಡಂಬರಕ್ಕೆ ಸಾಲ ಮಾಡುವ ನಾವು ಮಗಳ ಕಾಲೇಜು ಶುಲ್ಕದ ಮಾತು ಬಂದಾಗ ಕೈ ಬಿಗಿಹಿಡಿಯುವುದೇಕೆ? ಒಂದು ಬಳೆಯ ಬೆಲೆ ಒಬ್ಬ ಅನಾಥ ಬಾಲಕಿಯ ವರ್ಷದ ಓದಾಗಬಲ್ಲುದು. ನಮ್ಮ ಸಂಪತ್ತನ್ನು ಜ್ಞಾನದ ದಾರಿಯಲ್ಲಿ ವ್ಯಯಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.