ಮಸಿಯಲ್ಲಿ ಮೂಡಿದ ಶುಭಸಂದೇಶ

ಬಲಿಪೀಠದ ಮೇಲಣ ಚಿತ್ರವನ್ನು ನಾವು ಭಕ್ತಿಯಿಂದ ನೋಡುತ್ತೇವೆ. ಅದಕ್ಕೂ ಮೊದಲು ಕಾಗದದ ಮೇಲೆ ನಡೆದ ದುಡಿಮೆಯನ್ನು ನೆನೆಯುವವರು ವಿರಳ.

ಇಟಲಿಯ ಚೆಂತೊ ಎಂಬ ಊರಿನಲ್ಲಿ 1591ರಲ್ಲಿ ಜನಿಸಿದ ಜೊವಾನ್ನಿ ಫ್ರಾಂಚೆಸ್ಕೊ ಬಾರ್ಬಿಯೇರಿಯನ್ನು ಜನರು ಗ್ವೆರ್ಚಿನೊ, ಎಂದರೆ ಮೆಳ್ಳೆಗಣ್ಣನೆಂದು ಕರೆದರು. 1621ರಲ್ಲಿ ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ಆತನನ್ನು ರೋಮ್ ನಗರಕ್ಕೆ ಕರೆಸಿಕೊಂಡರು. ಸಂತ ಲೂಕರ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನು ಆತನು ಹಲವು ಬಾರಿ ಚಿತ್ರಿಸಿದನು. ಮಗನು ಹರಕು ಅಂಗಿಯನ್ನು ಕಳಚುವ 1619ರ ವರ್ಣಚಿತ್ರವು ಇಂದು ವಿಯೆನ್ನಾದಲ್ಲಿದೆ.

ವರ್ಣಕ್ಕೆ ಕೈಯಿಡುವ ಮುನ್ನ ಆತನು ಹಾಳೆಯ ಮೇಲೆ ಹಾಳೆ ಬರೆಯುತ್ತಿದ್ದನು. ವ್ಯಕ್ತಿಗಳ ನಿಲುವನ್ನೂ ಕೈಗಳ ಭಾವವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದನು. ಹಳೆಯ ನಾರುಬಟ್ಟೆಯ ಚಿಂದಿಯನ್ನು ಅರೆದು ಮಾಡಿದ ಕಾಗದ. ಚಾಕುವಿನಿಂದ ಮತ್ತೆ ಮತ್ತೆ ಕೊರೆದು ಚೂಪುಗೊಳಿಸಬೇಕಾದ ಹೆಬ್ಬಾತಿನ ಗರಿ. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನೂ ಗೋಂದನ್ನೂ ಬೆರೆಸಿದ ಮಸಿ. ಎಳೆದ ಗೆರೆಯನ್ನು ಸುಲಭವಾಗಿ ಅಳಿಸಲಾಗದು. ನೆರಳಿಗೆ ನೀರು ಬೆರೆಸಿದ ಮಸಿಯನ್ನು ಕುಂಚದಿಂದ ಹರಡಬೇಕು. ಬೆಳಕಿಗಾದರೋ ಕಾಗದವನ್ನು ಬರಿದೇ ಬಿಡಬೇಕು. ಏನನ್ನು ಬರೆಯದೆ ಬಿಡಬೇಕೆಂದು ಅರಿತ ಕೈಗೆ ಮಾತ್ರ ಇದು ಸಾಧ್ಯ.

ಆ ಮಸಿಯೊಳಗಿನ ಕಬ್ಬಿಣದ ಅಂಶವು ಕಾಲಾಂತರದಲ್ಲಿ ಕಾಗದವನ್ನೇ ತಿನ್ನುತ್ತದೆ. ಆದರೂ 1666ರಲ್ಲಿ ಆತನು ಗತಿಸಿದ ಮೇಲೆ ಸೋದರಳಿಯಂದಿರು ಕಾಪಾಡಿದ ಹಾಳೆಗಳಲ್ಲಿ ನೂರಾರು ಇಂದಿಗೂ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ಉಳಿದಿವೆ.

ನಮ್ಮ ದೇವಾಲಯದ ಶತಮಾನೋತ್ಸವದಲ್ಲಿ ಗೋಪುರವನ್ನು ಕೊಂಡಾಡುವ ನಾವು, ಗಾರೆ ಅರೆದವರನ್ನೂ ಕಲ್ಲು ಹೊತ್ತವರನ್ನೂ ಪ್ರಾರ್ಥನೆಯಲ್ಲಿ ಸ್ಮರಿಸೋಣ. ಕಾಣುವ ಸೌಂದರ್ಯವೆಲ್ಲ ಕಾಣದ ಕೈಗಳ ಋಣ.